ಇಟ್ಟಿಗೆಯ ಗೋಡೆಯೂ ಗಣಕಯಂತ್ರವೂ

ಇಟ್ಟಿಗೆಯ ಗೋಡೆ ನಮಗೆಲ್ಲ ಅತಿ ಪರಿಚಿತವಾದ ವಸ್ತು. ಮಣ್ಣನ್ನು ಕಲಸಿ, ಅಚ್ಚಿಗೆ ಹಾಕಿ, ಗೂಡಿನಲ್ಲಿ ಸುಟ್ಟು, ಗಾರೆಯಿಂದ ಸಾಲುಸಾಲಾಗಿ ಕೂಡಿಸಿ ಎಬ್ಬಿಸಿದ ಈ ಗೋಡೆಯು ಸಾವಿರಾರು ವರ್ಷಗಳಿಂದ ಮನುಷ್ಯನಿಗೆ ಆಶ್ರಯವನ್ನಿತ್ತಿದೆ. ಆದರೆ ಪರಿಚಿತವಾದುದೆಲ್ಲವೂ ಸುಲಭವಾಗಿ ತಿಳಿಯುವಂಥದಲ್ಲ. ಉಕ್ಕಿನ ತೊಲೆಯೊಂದು ಇಂತಿಷ್ಟು ಭಾರಕ್ಕೆ ಎಷ್ಟು ಬಾಗುವುದೆಂಬುದನ್ನು ಇಂಜಿನಿಯರಿಂಗ್ ವಿದ್ಯಾರ್ಥಿಯು ಕಾಗದದ ಮೇಲೆ ಲೆಕ್ಕ ಮಾಡಿ ಹೇಳಬಲ್ಲನು. ಭೂಕಂಪದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರಳಿ ಮರಳಿ ನೂಕಿಸಿಕೊಂಡ ಇಟ್ಟಿಗೆಯ ಗೋಡೆಯು ಹತ್ತನೆಯ ನೂಕಿಗೆ ನಿಲ್ಲುವುದೋ ಬೀಳುವುದೋ ಎಂಬುದನ್ನು ಹೇಳುವುದಕ್ಕೆ ಇಂದಿನ ಪ್ರಬಲ ಗಣಕಯಂತ್ರಗಳೂ ಶ್ರಮಿಸಬೇಕಾಗಿದೆ.

ಈ ಶ್ರಮವೇಕೆ, ಅದು ನಡೆಯುವ ಬಗೆ ಹೇಗೆ, ಅದರಿಂದ ದೊರೆಯುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ. ಇಟ್ಟಿಗೆಯ ಗೋಡೆಗಳ ನಡುವೆ ದಿನದ ಬಹುಭಾಗವನ್ನು ಕಳೆಯುವವರು ಶಾಲೆಯ ಮಕ್ಕಳಾದುದರಿಂದ, ಶಾಲೆಗಳನ್ನು ಕಟ್ಟಿಸುವವರೂ ಕಾಯುವವರೂ ಈ ವಿಷಯವನ್ನು ತಿಳಿದಿರುವುದು ಉಚಿತವೆಂದು ಭಾವಿಸುತ್ತೇನೆ.

ಒಂದು ಸಲದ ಭಾರ, ಹಲವು ಸಲದ ಭಾರ

ಗೋಡೆಯ ಮೇಲೆ ಬೀಳುವ ಭಾರಗಳು ಎರಡು ತೆರನಾದವು. ಮಾಳಿಗೆಯ ಭಾರ, ಗೋಡೆಯ ಸ್ವಂತ ಭಾರ ಮೊದಲಾದವು ಮೇಲಿನಿಂದ ಕೆಳಗೆ ಸದಾ ಒಂದೇ ಸಮನೆ ಒತ್ತುತ್ತಿರುತ್ತವೆ. ಇದನ್ನು ತಾಳಿಕೊಳ್ಳುವುದರಲ್ಲಿ ಇಟ್ಟಿಗೆಯ ಕಟ್ಟಣೆಗೆ ಒಳ್ಳೆಯ ಸಾಮರ್ಥ್ಯವಿದೆ. ಆದರೆ ಅದನ್ನು ಎಳೆದರೆ ಅಥವಾ ಪಕ್ಕಕ್ಕೆ ತಳ್ಳಿದರೆ ಇಟ್ಟಿಗೆಯೂ ಗಾರೆಯೂ ಕೂಡಿದ ಸಂದಿನಲ್ಲಿ ಬಿರುಕು ಬೇಗನೆ ಹುಟ್ಟುತ್ತದೆ. ಭೂಕಂಪವು ಮಾಡುವುದು ಇದನ್ನೇ. ಅದೂ ಒಂದು ದಿಕ್ಕಿಗೆ ಒಮ್ಮೆ ಮಾತ್ರ ಅಲ್ಲ. ಕೆಲವೇ ಸೆಕೆಂಡುಗಳಲ್ಲಿ ಹತ್ತಾರು ಸಲ, ಒಂದು ಸಲ ಈ ಕಡೆಗೆ, ಇನ್ನೊಂದು ಸಲ ಆ ಕಡೆಗೆ.

ಗೋಡೆಗೆ ಹೊಡೆದ ಮೊಳೆಯನ್ನು ಕೀಳುವ ಬಗೆಯನ್ನು ವಾಚಕರು ನೆನೆಯಬಹುದು. ಒಂದೇ ಎಳೆತಕ್ಕೆ ಬಾರದ ಮೊಳೆಯನ್ನು ನಾವು ಆಚೆಗೂ ಈಚೆಗೂ ಅಲುಗಿಸುತ್ತೇವೆ. ಪ್ರತಿಯೊಂದು ಅಲುಗಾಟವೂ ಅಲ್ಪವೇ. ಆದರೆ ಹಿಂದಿನ ಅಲುಗಾಟವು ಸಡಿಲಿಸಿದುದನ್ನು ಮುಂದಿನದು ಇನ್ನಷ್ಟು ಸಡಿಲಿಸುತ್ತದೆ. ಗೋಡೆಯ ಸ್ಥಿತಿಯೂ ಹೀಗೆಯೇ. ಮೊದಲ ನೂಕಿನಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾದ ಬಿರುಕು ಹುಟ್ಟುತ್ತದೆ. ಮರುನೂಕಿನಲ್ಲಿ ಆ ಬಿರುಕು ಮುಚ್ಚಿಕೊಳ್ಳುತ್ತಿರುವಾಗಲೇ ಅದಕ್ಕೆ ಅಡ್ಡವಾಗಿ ಮತ್ತೊಂದು ಬಿರುಕು ತೆರೆಯುತ್ತದೆ. ಉದುರಿದ ಗಾರೆಯ ಪುಡಿಯು ಸಂದಿನಲ್ಲಿ ಸಿಕ್ಕಿ ಹಳೆಯ ಬಿರುಕು ಪೂರ್ಣವಾಗಿ ಮುಚ್ಚದಂತೆ ತಡೆಯುತ್ತದೆ. ಭೂಕಂಪದ ಅನಂತರ ಗೋಡೆಗಳ ಮೇಲೆ ಕಾಣುವ ಕತ್ತರಿಯಾಕಾರದ ಬಿರುಕಿನ ಜೋಡಿಯು ಈ ಎರಡು ದಿಕ್ಕಿನ ನೂಕಾಟದ ಬರಹವೇ ಆಗಿದೆ.

ಇದರಿಂದ ಒಂದು ಮುಖ್ಯ ತತ್ವವು ಸಿದ್ಧವಾಗುತ್ತದೆ. ಗೋಡೆಗೆ ನೆನಪಿದೆ. ಈ ಕ್ಷಣದಲ್ಲಿ ಅದರ ಮೇಲಿರುವ ಭಾರವೆಷ್ಟೆಂದು ತಿಳಿದ ಮಾತ್ರಕ್ಕೆ ಅದರ ಸ್ಥಿತಿಯು ತಿಳಿಯದು. ಹಿಂದೆ ಅದು ಏನನ್ನು ಅನುಭವಿಸಿತೆಂಬುದೂ ತಿಳಿಯಬೇಕು. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪವಾಯಿತು. ಮೇ 12ರಂದು 7.3 ಪ್ರಮಾಣದ ಮತ್ತೊಂದು ಸಂಭವಿಸಿತು. ಮೊದಲನೆಯದರಲ್ಲಿ ಬಿರುಕುಬಿಟ್ಟು ಹೇಗೋ ನಿಂತಿದ್ದ ಕಟ್ಟಡಗಳಲ್ಲಿ ಅನೇಕವು ಎರಡನೆಯದರಲ್ಲಿ ಕುಸಿದವು. ಎರಡನೆಯ ಕಂಪನವು ಪ್ರಮಾಣದಲ್ಲಿ ಚಿಕ್ಕದು. ಆದರೆ ಅದನ್ನು ಎದುರಿಸಿದ ಗೋಡೆಗಳು ಏಪ್ರಿಲ್ ತಿಂಗಳ ಗೋಡೆಗಳಾಗಿರಲಿಲ್ಲ.

ಇಸ್ಪ್ರಾದ ಎರಡು ಗೋಡೆಗಳು

ಗೋಡೆಯ ಈ ನಡತೆಯನ್ನು ತಿಳಿಯಲು ಪ್ರಯೋಗಶಾಲೆಯೇ ಮೊದಲ ದಾರಿ. ಇಟಲಿಯ ಉತ್ತರದಲ್ಲಿ, ಮಾಜೋರೆ ಸರೋವರದ ದಡದ ಇಸ್ಪ್ರಾ ಎಂಬಲ್ಲಿ ಯೂರೋಪಿನ ಜಂಟಿ ಸಂಶೋಧನ ಕೇಂದ್ರವಿದೆ. 1990ರ ದಶಕದ ಮೊದಲ ಭಾಗದಲ್ಲಿ ಆಂತ್ವಾನ್, ಮಾಜೆನೆಸ್ ಮತ್ತು ಮಾಗೊನೆತ್ ಎಂಬ ಸಂಶೋಧಕರು ಅಲ್ಲಿ ಎರಡು ಇಟ್ಟಿಗೆಯ ಗೋಡೆಗಳನ್ನು ಪರೀಕ್ಷಿಸಿದರು. ಎರಡರ ಇಟ್ಟಿಗೆಯೂ ಒಂದೇ, ಗಾರೆಯೂ ಒಂದೇ. ಎರಡರ ಅಗಲವೂ 1 ಮೀಟರು, ದಪ್ಪವೂ 25 ಸೆಂಟಿಮೀಟರು. ಎರಡರ ಮೇಲೂ ಪ್ರತಿ ಚದರ ಮಿಲಿಮೀಟರಿಗೆ 0.6 ನ್ಯೂಟನ್ನಿನ ಒತ್ತಡ, ಅಂದರೆ ಒಟ್ಟಿನಲ್ಲಿ ಸುಮಾರು 15 ಟನ್ನಿನ ಭಾರ. ಭೇದವಿದ್ದುದು ಎತ್ತರದಲ್ಲಿ ಮಾತ್ರ: ಒಂದು 1.35 ಮೀಟರು, ಇನ್ನೊಂದು 2 ಮೀಟರು. ಗೋಡೆಯ ಮೇಲ್ತುದಿಯು ತಿರುಗದಂತೆ ಹಿಡಿದು, ಅದನ್ನು ಆಚೆಗೂ ಈಚೆಗೂ ಕ್ರಮಕ್ರಮವಾಗಿ ಹೆಚ್ಚುಹೆಚ್ಚಾಗಿ ಸರಿಸಲಾಯಿತು.

ಫಲಿತಾಂಶವು ಬೋಧಪ್ರದವಾಗಿತ್ತು. ಗಿಡ್ಡ ಗೋಡೆಯು ಓರೆ ಬಿರುಕುಗಳಿಂದ ಸೀಳಿತು. ಪ್ರತಿ ಸುತ್ತಿನಲ್ಲಿಯೂ ಅದು ಬಹಳಷ್ಟು ಶಕ್ತಿಯನ್ನು ಘರ್ಷಣೆಯಲ್ಲಿ ಕಳೆಯಿತು. ಆದರೆ ಅದರ ಬಲವು ಬೇಗನೆ ಕುಗ್ಗಿತು. ಎತ್ತರದ ಗೋಡೆಯಾದರೋ ಸೀಳದೆ ತೊಟ್ಟಿಲಿನಂತೆ ತೂಗಿತು: ಬುಡದ ಒಂದು ಅಂಚು ಎದ್ದು, ಮತ್ತೆ ಕುಳಿತು, ಇನ್ನೊಂದು ಅಂಚು ಎದ್ದಿತು. ಮೇಲಿನ ಭಾರವೇ ಅದನ್ನು ಪುನಃ ನೆಟ್ಟಗೆ ನಿಲ್ಲಿಸುತ್ತಿತ್ತು. ಅದು ಕಳೆದ ಶಕ್ತಿ ಅಲ್ಪ, ಸರಿದ ದೂರ ಹೆಚ್ಚು, ಬಲದ ನಷ್ಟ ಕಡಿಮೆ.

ಈ ಭೇದವು ಕಟ್ಟಡ ಸಂಹಿತೆಗಳಲ್ಲಿಯೂ ಸ್ಥಾನ ಪಡೆದಿದೆ. ಹಳೆಯ ಕಟ್ಟಡಗಳಿಗಾಗಿ 2005ರಲ್ಲಿ ಪ್ರಕಟವಾದ ಯೂರೋಪಿನ ಭೂಕಂಪ ಸಂಹಿತೆಯ ಮೂರನೆಯ ಭಾಗವು, ಓರೆಯಾಗಿ ಸೀಳುವ ಗೋಡೆಗೆ ಗಂಭೀರ ಹಾನಿಯ ಮಿತಿಯಾಗಿ ಎತ್ತರದ ಶೇಕಡಾ 0.4ರಷ್ಟು ಸರಿತವನ್ನು ನಿಗದಿಪಡಿಸಿತು. ಮೂರು ಮೀಟರು ಎತ್ತರದ ಗೋಡೆಗೆ ಇದು ಕೇವಲ 12 ಮಿಲಿಮೀಟರು, ನಮ್ಮ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ತೂಗುವ ಗೋಡೆಗೆ ಆ ಸಂಹಿತೆಯು ಅದರ ಎತ್ತರ ಮತ್ತು ಅಗಲಗಳ ಪ್ರಮಾಣವನ್ನು ಅನುಸರಿಸಿ ಇದಕ್ಕಿಂತ ಹೆಚ್ಚಿನ ಸರಿತವನ್ನು ಒಪ್ಪಿತು.

ಗಣಕಯಂತ್ರದೊಳಗಿನ ಗೋಡೆ

ಆದರೆ ಪ್ರತಿಯೊಂದು ಗೋಡೆಯನ್ನೂ ಪ್ರಯೋಗಶಾಲೆಗೆ ಒಯ್ದು ಒಡೆದು ನೋಡುವುದು ಶಕ್ಯವಿಲ್ಲ. ಆದುದರಿಂದ ಗೋಡೆಯ ಗಣಿತರೂಪವೊಂದನ್ನು ಗಣಕಯಂತ್ರದಲ್ಲಿ ಕಟ್ಟಿ, ಅದನ್ನು ಅಲ್ಲಿಯೇ ನೂಕಿ ನೋಡುವ ಪದ್ಧತಿಯು ಬೆಳೆಯಿತು. ವಿಮಾನಗಳ ರಚನೆಗಾಗಿ 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬವರು ಪ್ರಕಟಿಸಿದ ವಿಧಾನಕ್ಕೆ 1960ರಲ್ಲಿ ಕ್ಲಫ್ ಅವರು ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನಿತ್ತರು. ಒಂದು ವಸ್ತುವನ್ನು ಅನೇಕ ಚಿಕ್ಕ ತುಂಡುಗಳನ್ನಾಗಿ ಭಾವಿಸಿ, ಪ್ರತಿ ತುಂಡಿನ ಬಲ ಮತ್ತು ಚಲನೆಗಳ ಸಮೀಕರಣಗಳನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವುದೇ ಇದರ ಸಾರ.

ಇಟ್ಟಿಗೆಯ ಗೋಡೆಗೆ ಇದನ್ನು ಅನ್ವಯಿಸುವುದರಲ್ಲಿ ಮೂರು ದಾರಿಗಳು ರೂಢಿಯಲ್ಲಿವೆ. ಮೊದಲನೆಯದರಲ್ಲಿ ಪ್ರತಿ ಇಟ್ಟಿಗೆಯನ್ನೂ ಪ್ರತಿ ಸಂದನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಆಸ್ಟ್ರೇಲಿಯಾದ ಪೇಜ್ ಅವರು 1978ರಲ್ಲಿ ಇಟ್ಟಿಗೆಗಳನ್ನು ಸ್ಥಿತಿಸ್ಥಾಪಕವೆಂದು ಭಾವಿಸಿ, ಗೋಡೆಯ ದೌರ್ಬಲ್ಯವನ್ನೆಲ್ಲ ಸಂದುಗಳಲ್ಲಿಟ್ಟು ಲೆಕ್ಕಮಾಡುವ ಕ್ರಮವನ್ನು ತೋರಿಸಿದರು. ಪೋರ್ಚುಗಲ್ಲಿನ ಲೊರೆನ್ಸೊ ಮತ್ತು ನೆದರ್‌ಲ್ಯಾಂಡಿನ ರೋಟ್ಸ್ ಅವರು 1997ರಲ್ಲಿ ಇದನ್ನು ಮುಂದುವರಿಸಿ, ಸಂದಿನ ಮೂರು ಬಗೆಯ ಸೋಲನ್ನು ಒಂದೇ ನಿಯಮದೊಳಗೆ ತಂದರು: ಎಳೆದಾಗ ಬಾಯ್ದೆರೆಯುವುದು, ತಳ್ಳಿದಾಗ ಜಾರುವುದು, ಒತ್ತಿದಾಗ ನುಗ್ಗಾಗುವುದು. ಜಾರುವಿಕೆಗೆ ಅಡ್ಡಿಯಾಗುವವು ಎರಡು: ಗಾರೆಯ ಅಂಟು ಮತ್ತು ಘರ್ಷಣೆ. ಅಂಟು ಒಮ್ಮೆ ಹರಿದರೆ ಹೋಯಿತು. ಘರ್ಷಣೆಯು ಮೇಲಿನ ಭಾರವಿರುವವರೆಗೆ ಉಳಿಯುತ್ತದೆ. ಭಾರ ಹೊತ್ತ ಗೋಡೆಯು ಬಿರುಕುಬಿಟ್ಟ ಮೇಲೂ ಸ್ವಲ್ಪ ಕಾಲ ನಿಲ್ಲುವುದರ ರಹಸ್ಯವಿದು.

ಈ ದಾರಿಯು ಸೂಕ್ಷ್ಮವಾದುದು, ಆದರೆ ಶ್ರಮದಾಯಕ. ನಮ್ಮಲ್ಲಿ ಬಳಕೆಯಲ್ಲಿರುವ ಸುಮಾರು 23 ಸೆಂಟಿಮೀಟರು ಉದ್ದ, 7.5 ಸೆಂಟಿಮೀಟರು ಎತ್ತರದ ಇಟ್ಟಿಗೆಯಿಂದ ಮೂರು ಮೀಟರು ಉದ್ದ, ಮೂರು ಮೀಟರು ಎತ್ತರದ ಗೋಡೆಯನ್ನು ಕಟ್ಟಿದರೆ, ಒಂದು ಮುಖದಲ್ಲಿಯೇ ಸುಮಾರು 440 ಇಟ್ಟಿಗೆಗಳು ಬರುತ್ತವೆ. ಒಂದು ಶಾಲೆಯ ಎಲ್ಲ ಗೋಡೆಗಳನ್ನೂ ಹೀಗೆ ಎಣಿಸಿ, ಭೂಕಂಪದ ಪ್ರತಿ ಕ್ಷಣಕ್ಕೂ ಲೆಕ್ಕ ಮಾಡುವುದೆಂದರೆ ಕೆಲಸವು ಬೆಟ್ಟದಷ್ಟಾಗುತ್ತದೆ.

ಎರಡನೆಯ ದಾರಿಯಲ್ಲಿ ಇಟ್ಟಿಗೆ ಗಾರೆಗಳ ಭೇದವನ್ನು ಬಿಟ್ಟು, ಗೋಡೆಯನ್ನೆಲ್ಲ ಒಂದೇ ಕಲ್ಪಿತ ವಸ್ತುವಾಗಿ ಎಣಿಸುತ್ತಾರೆ. ಮೂರನೆಯದು ಇನ್ನೂ ಸರಳ. ಕಿಟಕಿಗಳ ನಡುವಿನ ಗೋಡೆಯ ಭಾಗವನ್ನು ಕಂಬವೆಂದೂ, ಕಿಟಕಿಯ ಮೇಲಿನ ಮತ್ತು ಕೆಳಗಿನ ಭಾಗವನ್ನು ತೊಲೆಯೆಂದೂ ಭಾವಿಸಿ, ಕಟ್ಟಡವನ್ನು ಒಂದು ಚೌಕಟ್ಟಾಗಿ ಲೆಕ್ಕ ಹಾಕುತ್ತಾರೆ. ಇಟಲಿಯ ಇಂಜಿನಿಯರುಗಳು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಇಡೀ ಕಟ್ಟಡವನ್ನು ಸಾಧಾರಣ ಗಣಕಯಂತ್ರದಲ್ಲಿಯೇ ಪರೀಕ್ಷಿಸಬಹುದೆಂಬುದು ಇದರ ಅನುಕೂಲ.

ಹಿಂದಿರುಗುವ ದಾರಿ

ಮೇಲೆ ಹೇಳಿದ ವಿಧಾನಗಳು ಮೊದಲು ಸಿದ್ಧವಾದುದು ಬಹುಮಟ್ಟಿಗೆ ಒಂದೇ ದಿಕ್ಕಿನ ನೂಕಿಗಾಗಿ. ಹಲವು ಸಲದ ನೂಕಿಗೆ ಅವನ್ನು ಅನ್ವಯಿಸಹೋದಾಗ ಒಂದು ತೊಡಕು ಎದುರಾಯಿತು. ಭಾರವನ್ನು ಏರಿಸುವಾಗ ಗೋಡೆ ಹೇಗೆ ನಡೆದುಕೊಳ್ಳುವುದೆಂದು ಹೇಳಿದರೆ ಸಾಲದು. ಭಾರವನ್ನು ಇಳಿಸುವಾಗ ಅದು ಯಾವ ದಾರಿಯಿಂದ ಹಿಂದಿರುಗುವುದೆಂಬುದನ್ನೂ ಹೇಳಬೇಕು.

ಇದಕ್ಕೆ ಎರಡು ಸರಳ ಕಲ್ಪನೆಗಳಿವೆ. ಒಂದು ಕಲ್ಪನೆಯಂತೆ, ವಸ್ತುವು ಬಾಗಿದ ಉಕ್ಕಿನ ಸರಳಿನಂತೆ ತನ್ನ ಮೊದಲಿನ ಬಿಗುವಿನಿಂದಲೇ ಹಿಂದಿರುಗುತ್ತದೆ, ಆದರೆ ಮೊದಲಿನ ಸ್ಥಾನಕ್ಕೆ ಬಾರದೆ ಸ್ವಲ್ಪ ದೂರದಲ್ಲಿಯೇ ನಿಲ್ಲುತ್ತದೆ. ಇನ್ನೊಂದರಂತೆ, ವಸ್ತುವು ಸಡಿಲವಾಗಿದ್ದರೂ ಭಾರ ತೆಗೆದೊಡನೆ ಮೊದಲಿನ ಸ್ಥಾನಕ್ಕೇ ಮರಳುತ್ತದೆ. ಇಟ್ಟಿಗೆಯ ಸಂದಿನಲ್ಲಿ ಇವೆರಡೂ ಇವೆ. ಬಾಯ್ದೆರೆದ ಬಿರುಕು ಭಾರ ಬಿದ್ದಾಗ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಜಾರಿದ ಇಟ್ಟಿಗೆಯು ಜಾರಿದಲ್ಲಿಯೇ ಉಳಿಯುತ್ತದೆ. ಮೊದಲನೆಯ ಕಲ್ಪನೆಯನ್ನು ಮಾತ್ರ ಹಿಡಿದ ಗಣಿತದಲ್ಲಿ ಒಮ್ಮೆ ತೆರೆದ ಬಿರುಕು ಮುಚ್ಚುವುದೇ ಇಲ್ಲ. ಇಸ್ಪ್ರಾದ ಎತ್ತರದ ಗೋಡೆಯ ತೂಗಾಟವು ಅದರಲ್ಲಿ ಹುಟ್ಟಲಾರದು. ಎರಡನೆಯದನ್ನು ಮಾತ್ರ ಹಿಡಿದರೆ ಗಿಡ್ಡ ಗೋಡೆಯು ಘರ್ಷಣೆಯಲ್ಲಿ ಕಳೆದ ಶಕ್ತಿಯ ಲೆಕ್ಕ ಸಿಕ್ಕುವುದಿಲ್ಲ. ಒಲಿವೇರಾ ಮತ್ತು ಲೊರೆನ್ಸೊ ಅವರು 2004ರಲ್ಲಿ ಸಂದಿನ ನಿಯಮಕ್ಕೆ ಹಿಂದಿರುಗುವ ದಾರಿಯನ್ನು ಪ್ರತ್ಯೇಕವಾಗಿ ಸೇರಿಸಿ ಈ ಕೊರತೆಯನ್ನು ತುಂಬಲು ಯತ್ನಿಸಿದರು. ಅನಂತರ ಬಂದ ಗಣಿತರೂಪಗಳಲ್ಲಿ ಬಹಳಷ್ಟು ಈ ಎರಡು ಕಲ್ಪನೆಗಳನ್ನು ಒಂದಲ್ಲ ಒಂದು ಪ್ರಮಾಣದಲ್ಲಿ ಬೆರೆಸಿದವುಗಳೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂತಹ ಗಣಿತದಲ್ಲಿ ಹತ್ತಾರು ಗುಣಾಂಕಗಳಿರುತ್ತವೆ. ಅವನ್ನು ಅತ್ತಿತ್ತ ತಿದ್ದುತ್ತ ಹೋದರೆ ಮುಗಿದುಹೋದ ಯಾವ ಪ್ರಯೋಗದ ರೇಖೆಯನ್ನಾದರೂ ಹೋಲುವಂತೆ ಮಾಡಬಹುದು. ಉತ್ತರವನ್ನು ಮೊದಲೇ ನೋಡಿಕೊಂಡು ಲೆಕ್ಕ ಬಿಡಿಸಿದ ಹುಡುಗನಿಗೆ ನಾವು ಪೂರ್ಣ ಅಂಕ ಕೊಡುವುದಿಲ್ಲವಷ್ಟೆ. ಗಿಡ್ಡ ಗೋಡೆಗೆ ಹೊಂದಿಸಿದ ಗುಣಾಂಕಗಳಿಂದಲೇ, ಒಂದನ್ನೂ ಬದಲಿಸದೆ, ಎತ್ತರದ ಗೋಡೆಯ ತೂಗಾಟವನ್ನು ಹೇಳಬಲ್ಲುದಾದರೆ ಆ ಗಣಿತರೂಪವನ್ನು ನಂಬಬಹುದು. ಇಸ್ಪ್ರಾದ ಗೋಡೆಗಳ ಜೋಡಿಯನ್ನು ಅನೇಕ ಸಂಶೋಧಕರು ಇಂದಿಗೂ ಒರೆಗಲ್ಲಾಗಿ ಬಳಸುವುದು ಈ ಕಾರಣಕ್ಕಾಗಿಯೇ.

ನಮ್ಮ ಇಟ್ಟಿಗೆ, ಅನ್ಯದೇಶದ ಅಂಕಿ

ಹಾಗಾದರೆ ಯೂರೋಪಿನಲ್ಲಿ ಸಿದ್ಧವಾದ ಗಣಿತರೂಪವನ್ನು ತಂದು ನಮ್ಮ ಗೋಡೆಗಳಿಗೆ ಅನ್ವಯಿಸಬಹುದೇ? ನಿಯಮಗಳನ್ನು ತರಬಹುದು, ಅಂಕಿಗಳನ್ನು ತರಲಾಗದು. ಯೂರೋಪಿನ ಕಟ್ಟಣೆ ಸಂಹಿತೆಯು ಗೋಡೆಯ ಸ್ಥಿತಿಸ್ಥಾಪಕತ್ವ ಗುಣಾಂಕವನ್ನು, ಬೇರೆ ಪ್ರಮಾಣವಿಲ್ಲದಾಗ, ಅದರ ಒತ್ತುಬಲದ 1000 ಪಟ್ಟು ಎಂದು ಹಿಡಿಯಲು ಸೂಚಿಸುತ್ತಿತ್ತು. ಕಾನ್ಪುರದ ಐಐಟಿಯಲ್ಲಿ ಕೌಶಿಕ್, ರಾಯ್ ಮತ್ತು ಜೈನ್ ಅವರು ನಮ್ಮ ದೇಶದ ಇಟ್ಟಿಗೆಗಳಿಂದ ಕಟ್ಟಿದ ಮಾದರಿಗಳನ್ನು ಪರೀಕ್ಷಿಸಿ, 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಈ ಪ್ರಮಾಣವು ಸರಾಸರಿ 550 ಪಟ್ಟು ಮಾತ್ರವೆಂದು ಕಂಡುಕೊಂಡರು. ಅಂದರೆ ಒಂದೇ ಒತ್ತುಬಲದ ಗೋಡೆಯ ಬಿಗುವು ನಮ್ಮಲ್ಲಿ ಬಹುಮಟ್ಟಿಗೆ ಅರ್ಧದಷ್ಟು. ಉಳಿದುದೆಲ್ಲ ಸಮಾನವಾಗಿದ್ದರೆ, ಅಂತಹ ಗೋಡೆಯು ಒಮ್ಮೆ ತೊನೆಯಲು ತೆಗೆದುಕೊಳ್ಳುವ ಕಾಲವು ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಭೂಕಂಪದ ಯಾವ ಲಯಕ್ಕೆ ಕಟ್ಟಡವು ಹೆಚ್ಚಾಗಿ ತೊನೆಯುವುದೆಂಬುದು ಈ ಕಾಲವನ್ನೇ ಅವಲಂಬಿಸಿರುವುದರಿಂದ, ಇದು ಅಲಕ್ಷಿಸಬಹುದಾದ ಭೇದವಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೊಂದು ಸಂಗತಿಯತ್ತ ಗಮನ ಸೆಳೆದಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಇಟ್ಟಿಗೆ ಗಟ್ಟಿ, ಗಾರೆ ಮೆದು. ಬೆಂಗಳೂರಿನ ಸುತ್ತಮುತ್ತ ಕೈಯಚ್ಚಿನಲ್ಲಿ ಮಾಡಿದ ಇಟ್ಟಿಗೆಯು ಅನೇಕ ವೇಳೆ ಸಿಮೆಂಟಿನ ಗಾರೆಗಿಂತ ಮೆದುವಾಗಿರುತ್ತದೆ. ಆಗ ಒತ್ತಡದಡಿಯಲ್ಲಿ ಯಾವುದು ಹೆಚ್ಚಾಗಿ ಪಕ್ಕಕ್ಕೆ ಉಬ್ಬುವುದು, ಯಾವುದು ಅದನ್ನು ಹಿಡಿದಿಡುವುದು ಎಂಬ ಸಂಬಂಧವೇ ತಲೆಕೆಳಗಾಗುತ್ತದೆ. ಅಲ್ಲಿ ಇಟ್ಟಿಗೆಯು ಎಳೆತಕ್ಕೆ ಸಿಕ್ಕಿ ಸೀಳಿದರೆ, ಇಲ್ಲಿ ಗಾರೆಯು ಎಳೆತಕ್ಕೆ ಸಿಕ್ಕುತ್ತದೆ. ಗಾರೆಯಲ್ಲಿ ಸಿಮೆಂಟನ್ನು ಹೆಚ್ಚಿಸಿದರೆ ಗೋಡೆಯ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ಸಾಮಾನ್ಯ ನಂಬಿಕೆಯು ಹೀಗಾಗಿ ನಿಲ್ಲುವುದಿಲ್ಲ. ಇಟ್ಟಿಗೆಯೂ ಗಾರೆಯೂ ಎಷ್ಟು ಚೆನ್ನಾಗಿ ಅಂಟಿಕೊಂಡಿವೆ ಎಂಬುದು ಗೋಡೆಯ ಬಾಳಿಗೆ ಮುಖ್ಯ. ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ ಕಟ್ಟಬೇಕೆಂದು, ಕಟ್ಟಿದ ಮೇಲೆ ನೀರುಣಿಸಬೇಕೆಂದು ಹಿರಿಯ ಮೇಸ್ತ್ರಿಗಳು ಹೇಳುತ್ತ ಬಂದ ಮಾತಿನ ತಿರುಳು ಇದೇ ಆಗಿದೆ.

ಲೆಕ್ಕಕ್ಕೆ ಸಿಕ್ಕದ ಕುಸಿತ

ಗಣಕಯಂತ್ರದ ಲೆಕ್ಕವು ಮೌನವಾಗಿ ಊಹಿಸಿಕೊಳ್ಳುವ ಇನ್ನೊಂದು ಅಂಶವಿದೆ. ಮೇಲೆ ಹೇಳಿದ ಚೌಕಟ್ಟಿನ ವಿಧಾನವು ಗೋಡೆಯನ್ನು ಅದರ ಉದ್ದದ ದಿಕ್ಕಿನಲ್ಲಿ ನೂಕಿದಾಗ ಏನಾಗುವುದೆಂಬುದನ್ನು ಹೇಳುತ್ತದೆ. ನಾಲ್ಕು ಗೋಡೆಗಳೂ ಮೂಲೆಗಳಲ್ಲಿ ಚೆನ್ನಾಗಿ ಬೆಸೆದು ಪೆಟ್ಟಿಗೆಯಂತೆ ಒಟ್ಟಾಗಿ ನಿಲ್ಲುತ್ತವೆಂದು ಅದು ಭಾವಿಸುತ್ತದೆ. ಮೂಲೆಗಳು ಬೆಸೆಯದಿದ್ದರೆ ಗೋಡೆಯು ತನ್ನ ದಪ್ಪದ ದಿಕ್ಕಿನಲ್ಲಿ, ಪುಸ್ತಕವೊಂದು ಕಪಾಟಿನಿಂದ ಬೀಳುವಂತೆ, ಹೊರಕ್ಕೆ ಉರುಳುತ್ತದೆ. 2001ರ ಜನವರಿ 26ರ ಗುಜರಾತಿನ ಭೂಕಂಪದಲ್ಲಿ, ಅಂಜಾರ್ ಪಟ್ಟಣದ ಇಕ್ಕಟ್ಟಾದ ಬೀದಿಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡಗಳು ಕುಸಿದುವು. ಆ ದುಃಖವನ್ನು ಯಾವ ಅಂಕಿಯಿಂದಲೂ ಅಳೆಯಲಾಗದು.

ಇದನ್ನು ತಡೆಯುವ ಉಪಾಯಗಳು ದುಬಾರಿಯಾದುವಲ್ಲ. ಪಾಯದ ಮಟ್ಟದಲ್ಲಿ, ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ, ಸೂರಿನ ಮಟ್ಟದಲ್ಲಿ ಕಟ್ಟಡದ ಸುತ್ತ ಕಡಿಯದೆ ಹೋಗುವ ಕಾಂಕ್ರೀಟಿನ ಪಟ್ಟಿಗಳು ಗೋಡೆಗಳನ್ನು ಒಡ್ಯಾಣದಂತೆ ಬಿಗಿದು ಹಿಡಿಯುತ್ತವೆ. ಭಾರತೀಯ ಮಾನಕ 4326 ಇದನ್ನು ದಶಕಗಳಿಂದ ವಿಧಿಸುತ್ತ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎಸ್. ಜಗದೀಶ್ ಅವರೂ ಅವರ ಸಹೋದ್ಯೋಗಿಗಳೂ ಗೋಡೆಯ ಎರಡೂ ಮುಖಗಳಲ್ಲಿ ನೆಟ್ಟಗೆ ಸಣ್ಣ ಸರಳುಗಳನ್ನಿಟ್ಟು, ಸಂದುಗಳ ಮೂಲಕ ಅವನ್ನು ಪರಸ್ಪರ ಕಟ್ಟುವ ವಿಧಾನವನ್ನು ರೂಪಿಸಿ ಪರೀಕ್ಷಿಸಿದರು. ಹೀಗೆ ಕಟ್ಟಿದ ಗೋಡೆಯು ಬಿರುಕುಬಿಟ್ಟರೂ ಥಟ್ಟನೆ ಉರುಳದೆ ಬಾಗಿ ನಿಲ್ಲಬಲ್ಲುದು. ಒಳಗಿರುವವರಿಗೆ ಹೊರಬರುವ ಅವಕಾಶವು ದೊರೆಯುತ್ತದೆ.

ಶಾಲೆಯ ಗೋಡೆಗಳ ವಿಷಯ

ಇಟಲಿಯ ಸಾನ್ ಜುಲಿಯಾನೊ ದಿ ಪುಲಿಯಾ ಎಂಬ ಸಣ್ಣ ಊರಿನಲ್ಲಿ 2002ರ ಅಕ್ಟೋಬರ್ 31ರಂದು ಮಧ್ಯಮ ಪ್ರಮಾಣದ ಭೂಕಂಪಕ್ಕೆ ಶಾಲೆಯೊಂದು ಕುಸಿದು 27 ಮಕ್ಕಳೂ ಒಬ್ಬ ಶಿಕ್ಷಕಿಯೂ ಮಡಿದರು. ಹಳೆಯ ಗೋಡೆಗಳ ಆ ಕಟ್ಟಡಕ್ಕೆ ಮುಂದೆ ಮೇಲಂತಸ್ತನ್ನು ಸೇರಿಸಲಾಗಿತ್ತು. ಮರುವರ್ಷವೇ ಇಟಲಿಯು ತನ್ನ ಭೂಕಂಪ ನಿಯಮಗಳನ್ನು ಹೊಸದಾಗಿ ರೂಪಿಸಿತು. ಶಾಲೆಗೆ ಕೊಠಡಿ ಸಾಲದೆ ಹೋದಾಗ ಇದ್ದ ಗೋಡೆಯ ಮೇಲೆಯೇ ಇನ್ನೊಂದು ಅಂತಸ್ತನ್ನು ಎಬ್ಬಿಸುವ ಯೋಚನೆಯು ಯಾವ ದೇಶದಲ್ಲಿಯೂ ಸಹಜವಾಗಿ ಬರುವಂಥದು. ದಾನಿಗಳ ಔದಾರ್ಯವೂ ಆಡಳಿತ ಮಂಡಲಿಯ ಸದುದ್ದೇಶವೂ ಅಲ್ಲಿ ಸಂದೇಹಾತೀತ. ಆದರೆ ಗೋಡೆಯು ಉದ್ದೇಶವನ್ನು ನೋಡಿ ನಿಲ್ಲುವುದಿಲ್ಲ. ತನ್ನ ಇಟ್ಟಿಗೆ, ಗಾರೆ, ಮೂಲೆಯ ಬೆಸುಗೆ ಮತ್ತು ತಾನು ಹಿಂದೆ ತಾಳಿದ ಪೆಟ್ಟುಗಳಿಗೆ ಅನುಸಾರವಾಗಿ ನಿಲ್ಲುತ್ತದೆ. ಮೇಲಂತಸ್ತನ್ನು ಕಟ್ಟುವ ಮೊದಲು, ಕೊಠಡಿಗಳನ್ನು ಕೂಡಿಸಲು ನಡುಗೋಡೆಯನ್ನು ಒಡೆಯುವ ಮೊದಲು, ಮೂಲೆಯ ಹತ್ತಿರ ಹೊಸ ಬಾಗಿಲನ್ನು ಕೊರೆಯುವ ಮೊದಲು ತಿಳಿದ ಇಂಜಿನಿಯರರಿಂದ ಪರೀಕ್ಷೆ ಮಾಡಿಸುವುದು ಖರ್ಚಲ್ಲ, ಕರ್ತವ್ಯ.

ಅಂತಹ ಪರೀಕ್ಷೆಗೆ ಗಣಕಯಂತ್ರವಿದ್ದರೆ ಸಾಲದು. ಅದಕ್ಕೆ ಉಣಿಸಬೇಕಾದ ಸಂಗತಿಗಳು ಬೇಕು. ಕಟ್ಟಡವನ್ನು ಯಾವ ವರ್ಷದಲ್ಲಿ ಕಟ್ಟಲಾಯಿತು, ಇಟ್ಟಿಗೆ ಯಾವ ಗೂಡಿನಿಂದ ಬಂದಿತು, ಗಾರೆಯಲ್ಲಿದ್ದುದು ಸುಣ್ಣವೋ ಸಿಮೆಂಟೋ, ಮರಳಿನ ಪ್ರಮಾಣವೆಷ್ಟು, ಪಟ್ಟಿಗಳಿವೆಯೋ ಇಲ್ಲವೋ, ಯಾವ ಗೋಡೆಯಲ್ಲಿ ಯಾವಾಗ ಬಿರುಕು ಕಂಡಿತು, ಅದನ್ನು ಹೇಗೆ ಮುಚ್ಚಲಾಯಿತು — ಇವು ಸಾಮಾನ್ಯವಾಗಿ ಎಲ್ಲಿಯೂ ಬರೆದಿಡದೆ ಮರೆತುಹೋಗುವ ಸಂಗತಿಗಳು. ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿದರೆ ಅದು ಕಣ್ಣಿಗೆ ಮರೆಯಾಗುತ್ತದೆ. ಗೋಡೆಯು ಅದನ್ನು ಮರೆಯುವುದಿಲ್ಲ.

ಸಂಸ್ಥೆಗಳು ತಮ್ಮ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಶಂಕುಸ್ಥಾಪನೆಯ ದಿನವನ್ನೂ ದಾನಿಗಳ ಹೆಸರನ್ನೂ ಭಕ್ತಿಯಿಂದ ದಾಖಲಿಸುತ್ತವೆ. ಅದರ ಜೊತೆಗೆ ಪ್ರತಿ ಕಟ್ಟಡಕ್ಕೂ ಒಂದು ಸಣ್ಣ ದಾಖಲೆಪುಸ್ತಕವನ್ನು ಇಟ್ಟು, ಮೇಲೆ ಹೇಳಿದ ವಿವರಗಳನ್ನು ವರ್ಷವರ್ಷವೂ ಬರೆದಿಡುವುದು ಯೋಗ್ಯ. ಗಣಕಯಂತ್ರದ ಗೋಡೆಯು ನಿಜವಾದ ಗೋಡೆಯನ್ನು ಹೋಲಬೇಕಾದರೆ ಅದಕ್ಕೆ ಗೋಡೆಯ ನೆನಪು ಬೇಕು; ಆ ನೆನಪನ್ನು ಕಾಪಾಡಿಕೊಡಬಲ್ಲವರು ಆ ಗೋಡೆಗಳ ನಡುವೆ ಪಾಠ ಹೇಳುವವರೂ ಕಲಿತವರೂ ಅದನ್ನು ಕಟ್ಟಿಸಿದವರೂ ಅಲ್ಲದೆ ಮತ್ತಾರೂ ಅಲ್ಲ.